ಕೈಗೆಟಕುವ ಬೆಲೆಗೆ ಒಂದು ಬೆಳ್ಳಿ ರೂಪಾಯಿ

ನಮ್ಮ ಹಿರಿಯರ ಮನೆಗಳಲ್ಲಿ ಬೆಳ್ಳಿಯ ರೂಪಾಯಿಗೆ ಮೂರು ದಾರಿಗಳಿದ್ದವು. ಮಗುವಿಗೆ ಲಿಂಗಧಾರಣೆಯ ಹೊತ್ತು ಬಂದರೆ ಅದು ಅಕ್ಕಸಾಲಿಗನ ಮೂಸೆಯಲ್ಲಿ ಕರಗಿ ಕರಡಿಗೆಯಾಗುತ್ತಿತ್ತು. ಮನೆಗೆ ಸೊಸೆ ಬಂದರೆ ಕೊಂಡಿ ಹಾಕಿಸಿಕೊಂಡು ಆಕೆಯ ಕೊರಳಿನ ಸರವಾಗುತ್ತಿತ್ತು. ಕಷ್ಟಕಾಲ ಬಂದರೆ ಶರಾಫರ ತಕ್ಕಡಿಯನ್ನೇರಿ ಹೊಸ್ತಿಲು ದಾಟುತ್ತಿತ್ತು. ಹೀಗೆ ದಾಟಿಹೋದ ನಾಣ್ಯಗಳಲ್ಲಿ ಒಂದನ್ನಾದರೂ ಹಣ ತೆತ್ತು ಮರಳಿ ಮನೆಗೆ ತರಬೇಕೆಂಬ ಹಂಬಲ ಇಂದಿನ ಮಕ್ಕಳು ಮೊಮ್ಮಕ್ಕಳಲ್ಲಿ ಕಾಣುತ್ತಿದೆ. ಹಂಬಲ ಒಳ್ಳೆಯದು, ಆದರೆ ತಿಳಿವಳಿಕೆಯಿಲ್ಲದ ಹಂಬಲ ಮೋಸಗಾರನ ಬಂಡವಾಳವಾಗುತ್ತದೆ. ಯಾವ ನಾಣ್ಯವನ್ನು, ಎಷ್ಟು ಬೆಲೆಗೆ, ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ನಮ್ಮ ಕುಟುಂಬಗಳವರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾವು ಕೈಗೆತ್ತಿಕೊಳ್ಳಲು ಕಾರಣವಾದದ್ದು ಉಡುಪಿಯ ಅಂಬಲಪಾಡಿಯ ಒಂದು ಮನೆ. ಹಾವೇರಿ ಕಡೆಯ ನಮ್ಮ ಸಮಾಜದ ಕುಟುಂಬವದು. ಯಜಮಾನರು ಬ್ಯಾಂಕಿನ ನೌಕರಿಯ ನಿಮಿತ್ತ ಕರಾವಳಿಗೆ ಬಂದು, ಜನಾರ್ದನ ಮಹಾಕಾಳಿ ದೇವಸ್ಥಾನದ ಆಸುಪಾಸಿನಲ್ಲಿಯೇ ಮನೆ ಕಟ್ಟಿಕೊಂಡು ನಿಂತವರು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಮದುವೆಯಲ್ಲಿ ಅತ್ತೆ ಹಾಕಿದ ಒಂಬತ್ತು ರೂಪಾಯಿಗಳ ಸರವೊಂದು ಅವರ ಕೊರಳಿನಲ್ಲಿತ್ತು. ಮಗ ಕಾಲೇಜು ಸೇರಿದ ವರ್ಷ ಅದು ಮಾರಿಹೋಯಿತು. ಆ ಓದಿನಿಂದಲೇ ಮಗನಿಗೆ ನೌಕರಿ, ಆ ನೌಕರಿಯಿಂದಲೇ ಈ ಮನೆ. ಅಜ್ಜಿ ಅದನ್ನು ಹಂಗಿಸಿ ಆಡಿದವರಲ್ಲ. "ಹೋದದ್ದು ಛಲೋ ಕೆಲಸಕ್ಕ ಹೋತು ಬಿಡ್ರಿ" ಎಂದಷ್ಟೇ ಹೇಳುತ್ತಾರೆ. ಆದರೂ ಮಾತಿನ ನಡುವೆ ಕೈ ತಾನಾಗಿ ಕೊರಳಿಗೆ ಹೋಗುತ್ತದೆ.

ಮಣಿಪಾಲದಲ್ಲಿ ಈಚೆಗೆ ಕೆಲಸಕ್ಕೆ ಸೇರಿದ ಮೊಮ್ಮಗ ಇದನ್ನು ಗಮನಿಸಿದ್ದ. ಮೊದಲ ಸಂಬಳದಲ್ಲಿ ನಾಲ್ಕು ಸಾವಿರ ರೂಪಾಯಿ ತೆಗೆದಿಟ್ಟು, ಅಜ್ಜಿಗೆ ಒಂದಾದರೂ ಬೆಳ್ಳಿ ರೂಪಾಯಿ ಕೊಡಬೇಕೆಂದು ಹೊರಟ. ಜಾತ್ರೆಯೊಂದರಲ್ಲಿ ಬಟ್ಟೆ ಹಾಸಿ ನಾಣ್ಯ ಹರವಿಕೊಂಡಿದ್ದ ಒಬ್ಬಾತ ಅವನಿಗೆ 1939ರ ಆರನೆಯ ಜಾರ್ಜನ ರೂಪಾಯಿಯನ್ನು ತೋರಿಸಿದ. ಲಕ್ಷಗಟ್ಟಲೆ ಬೆಲೆಯ ನಾಣ್ಯ, ತುರ್ತು ಇರುವುದರಿಂದ ನಾಲ್ಕು ಸಾವಿರಕ್ಕೆ ಕೊಡುತ್ತೇನೆ ಎಂದ. ಹುಡುಗ ನಮ್ಮನ್ನು ಕೇಳಿದಾಗ ನಾವು ಹೇಳಿದ್ದು ಒಂದೇ ಮಾತು: ಹತ್ತಿರದ ಬೆಳ್ಳಿ ಅಂಗಡಿಯಲ್ಲಿ ಅದನ್ನು ತೂಗಿಸಿ ನೋಡು. ತೂಕಕ್ಕೆ ಕೊಡಲು ಆತ ಒಪ್ಪಲಿಲ್ಲ. ಹುಡುಗನ ಹಣ ಉಳಿಯಿತು.

ರೂಪಾಯಿ ನಮ್ಮ ಕಡೆಗೆ ಬಂದ ಬಗೆ

ದಕ್ಷಿಣದ ನಾಡು ಹಿಂದೆ ಬಹುಮಟ್ಟಿಗೆ ಚಿನ್ನದ ನಾಣ್ಯದ ನಾಡು. ಆಳುಪರು, ವಿಜಯನಗರದವರು, ಅವರ ತರುವಾಯ ನಮ್ಮ ಕೆಳದಿಯ ನಾಯಕರು ವ್ಯವಹರಿಸಿದ್ದು ವರಹ ಮತ್ತು ಹಣಗಳಲ್ಲಿ. ವೀರಶೈವ ಮನೆತನದ ಕೆಳದಿ ಅರಸರ ಆಳ್ವಿಕೆಗೆ ಈ ಕರಾವಳಿಯೂ ಸೇರಿತ್ತು. ಶಿವಪಾರ್ವತಿಯರ ಚಿತ್ರವುಳ್ಳ ಅವರ ಇಕ್ಕೇರಿ ವರಹ ಎಷ್ಟು ನಂಬಿಕೆಯ ನಾಣ್ಯವಾಗಿತ್ತೆಂದರೆ, 1763ರಲ್ಲಿ ಆ ರಾಜ್ಯವನ್ನು ಗೆದ್ದ ಹೈದರಾಲಿಯೂ ತನ್ನ ವರಹದ ಮೇಲೆ ಅದೇ ಶಿವಪಾರ್ವತಿಯರನ್ನು ಉಳಿಸಿಕೊಂಡ. ಸಮಾಜದ ಅಭಿಮಾನದಿಂದ ಇಕ್ಕೇರಿ ವರಹವನ್ನೇ ಕೊಳ್ಳಬೇಕೆಂದು ಕೆಲವರಿಗೆ ಅನಿಸುವುದು ಸಹಜ. ಆದರೆ ಅದು ಚಿನ್ನ. ಸಾಮಾನ್ಯ ಸಂಸಾರದ ಕೈಗೆ ನಿಲುಕುವುದಲ್ಲ, ನಕಲಿಗಳೂ ಬಹಳ.

ರೂಪಾಯಿಯೆಂಬ ಬೆಳ್ಳಿ ನಾಣ್ಯಕ್ಕೆ ಗಟ್ಟಿಯಾದ ರೂಪ ಕೊಟ್ಟವನು ಹದಿನಾರನೆಯ ಶತಮಾನದ ಶೇರ್‌ಶಾಹ. ಮೊಗಲರು ಅದನ್ನು ಮುಂದುವರಿಸಿದರು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಇಮಾಮಿ ಎಂಬ ರೂಪಾಯಿಯನ್ನೂ ಹೈದರಿ ಎಂಬ ಜೋಡಿ ರೂಪಾಯಿಯನ್ನೂ ಅಚ್ಚು ಹಾಕಿಸಿದ. 1799ರ ಅನಂತರ ಕನ್ನಡ ಕರಾವಳಿ ಮದರಾಸು ಪ್ರಾಂತದ ಆಡಳಿತಕ್ಕೆ ಹೋಯಿತು. ಆ ಪ್ರಾಂತದಲ್ಲಿ 1818ರಲ್ಲಿ ವರಹದ ಲೆಕ್ಕ ಹೋಗಿ ರೂಪಾಯಿಯ ಲೆಕ್ಕ ಬಂದಿತು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಎಲ್ಲ ಪ್ರಾಂತಗಳಿಗೂ ಒಂದೇ ತೂಕದ, ಒಂದೇ ಮಟ್ಟದ ರೂಪಾಯಿಯನ್ನು ಗೊತ್ತುಪಡಿಸಿತು. ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ಸಿಗುವ "ರಾಣಿ ಛಾಪು" "ರಾಜನ ತಲೆ" ನಾಣ್ಯಗಳೆಲ್ಲ ಈ ಸಾಲಿನವು. ಕಡಮೆ ಹಣದಲ್ಲಿ ಕೊಳ್ಳುವವರಿಗೆ ತಕ್ಕವೂ ಇವೇ. ಕೋಟಿಗಟ್ಟಲೆ ಅಚ್ಚಾದದ್ದರಿಂದ ಇಂದಿಗೂ ದೊರೆಯುತ್ತವೆ. ತೂಕ, ಮಟ್ಟಗಳು ನಿಶ್ಚಿತವಾಗಿರುವುದರಿಂದ ಪರೀಕ್ಷೆಯೂ ಸುಲಭ.

ಒಳಗಿರುವ ಬೆಳ್ಳಿ ಎಷ್ಟು?

ಕೊಳ್ಳುವವನು ಮೊದಲು ತಿಳಿಯಬೇಕಾದದ್ದು ನಾಣ್ಯದ ಒಳಗಿನ ಬೆಳ್ಳಿಯ ಲೆಕ್ಕ. 1835ರ ನಾಣ್ಯದಿಂದ 1939ರ ನಾಣ್ಯದವರೆಗೆ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಮ್. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಂದರೆ ಅಚ್ಚ ಬೆಳ್ಳಿ ಸುಮಾರು 10.69 ಗ್ರಾಮ್. ಅರ್ಧ ರೂಪಾಯಿಯ ತೂಕ 5.83 ಗ್ರಾಮ್, ಪಾವಲಿಯ ತೂಕ 2.92 ಗ್ರಾಮ್, ಬೆಳ್ಳಿಯ ಎರಡಾಣೆಯದು 1.46 ಗ್ರಾಮ್. ಬೆಳ್ಳಿಯ ಪ್ರಮಾಣ ಎಲ್ಲದರಲ್ಲಿಯೂ ಅದೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವವುಂಟಾಗಿ ಸರಕಾರ ಮಟ್ಟವನ್ನು ಇಳಿಸಿತು. 1940ರಿಂದ 1945ರವರೆಗಿನ ಇಸವಿಯ ಆರನೆಯ ಜಾರ್ಜನ ರೂಪಾಯಿಗಳಲ್ಲಿ ತೂಕ ಅಷ್ಟೇ ಇದ್ದರೂ ಬೆಳ್ಳಿ ಅರ್ಧ ಮಾತ್ರ, ಅಂದರೆ 5.83 ಗ್ರಾಮ್. 1947ರ ಇಸವಿಯ, ಹಿಂಬದಿಯಲ್ಲಿ ಹುಲಿಯ ಚಿತ್ರವಿರುವ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕಲ್. ಈ ವ್ಯತ್ಯಾಸವನ್ನರಿಯದೆ, ಅರ್ಧ ಬೆಳ್ಳಿಯ ನಾಣ್ಯಕ್ಕೆ ಪೂರ್ತಿ ಬೆಳ್ಳಿಯ ಬೆಲೆ ತೆತ್ತವರನ್ನು ನಾವು ಕಂಡಿದ್ದೇವೆ.

ಬೆಳ್ಳಿಯ ದರ ದಿನದಿನವೂ ಏರಿಳಿಯುವುದರಿಂದ ಇಲ್ಲಿ ದರವನ್ನು ಹೇಳಿ ಪ್ರಯೋಜನವಿಲ್ಲ. ಲೆಕ್ಕದ ಕ್ರಮವನ್ನು ಹೇಳುತ್ತೇವೆ. ಲೆಕ್ಕದ ಸೌಕರ್ಯಕ್ಕಾಗಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಎಡ್ವರ್ಡನ ರೂಪಾಯಿಯಲ್ಲಿರುವ ಬೆಳ್ಳಿಗೆ 1,069 ರೂಪಾಯಿ, 1944ರ ರೂಪಾಯಿಯಲ್ಲಿರುವ ಬೆಳ್ಳಿಗೆ 583 ರೂಪಾಯಿ. ಕೊಳ್ಳಲು ಹೊರಡುವ ದಿನ ಪತ್ರಿಕೆಯಲ್ಲಿ ಬಂದ ದರವನ್ನು ನೋಡಿ, ಇದೇ ರೀತಿ ಗುಣಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಇದು ನಾಣ್ಯದ ಲೋಹದ ಬೆಲೆ. ಇದಕ್ಕಿಂತ ಬಹಳ ಕಡಮೆಗೆ ಒಬ್ಬಾತ ಕೊಡಲು ಬಂದರೆ ನಾಣ್ಯ ನಕಲಿಯೆಂದೇ ಶಂಕಿಸಬೇಕು. ನಷ್ಟ ಮಾಡಿಕೊಂಡು ಮಾರುವ ವ್ಯಾಪಾರಿ ಲೋಕದಲ್ಲಿಲ್ಲ. ಇದಕ್ಕಿಂತ ಬಹಳ ಹೆಚ್ಚು ಕೇಳಿದರೆ, ಆ ಹೆಚ್ಚಿಗೆಗೆ ಕಾರಣವೇನೆಂದು ಕೇಳಬೇಕು. ಅಚ್ಚಿನ ಸ್ಪಷ್ಟತೆ, ಇಸವಿಯ ಅಪರೂಪ ಇವು ನ್ಯಾಯವಾದ ಕಾರಣಗಳು. "ಮುಂದೆ ಬೆಲೆ ಹತ್ತರಷ್ಟಾಗುತ್ತದೆ" ಎಂಬುದು ಕಾರಣವಲ್ಲ, ಆಮಿಷ.

ಯಾರ ಕಾಲದ ರೂಪಾಯಿ?

ನಾಲ್ಕನೆಯ ವಿಲಿಯಮ್‌ನ 1835ರ ರೂಪಾಯಿ ಮತ್ತು ವಿಕ್ಟೋರಿಯಾಳ 1840ರ ರೂಪಾಯಿಗಳ ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರಿದೆ. 1857ರ ದಂಗೆಯ ಅನಂತರ ಆಡಳಿತ ರಾಣಿಯ ಕೈಗೆ ಹೋಗಿ, 1862ರಿಂದ ಕಿರೀಟಧಾರಿಣಿಯಾದ ರಾಣಿಯ ಹೊಸ ಅಚ್ಚು ಬಂದಿತು. ಕುತೂಹಲದ ಸಂಗತಿಯೆಂದರೆ, 1874ರವರೆಗೂ ನಾಣ್ಯದ ಮೇಲಿನ ಇಸವಿ 1862 ಎಂದೇ ಉಳಿಯಿತು. ಮುಂಬಯಿಯ ಟಂಕಸಾಲೆಯವರು ವರ್ಷದ ಗುರುತಿಗಾಗಿ ಸಣ್ಣ ಚುಕ್ಕಿಗಳನ್ನು ಸೇರಿಸುತ್ತ ಹೋದರು. 1877ರಿಂದ ಕ್ವೀನ್ ಎಂಬಲ್ಲಿ ಎಂಪ್ರೆಸ್ ಎಂದು ಬಂದಿತು. ಈ ಒಂದು ಪದದ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿದರೆ ಇತಿಹಾಸದ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ.

ಏಳನೆಯ ಎಡ್ವರ್ಡನ ರೂಪಾಯಿಗಳು 1903ರಿಂದ 1910ರವರೆಗಿನವು. ಇವುಗಳಲ್ಲಿ ರಾಜನ ತಲೆಯ ಮೇಲೆ ಕಿರೀಟವಿಲ್ಲ. ಬೋಳು ನೆತ್ತಿಯ ರಾಜ. ಹಿಂಬದಿಯಲ್ಲಿ ಮೇಲೆ ಕಿರೀಟ, ಎರಡೂ ಕಡೆ ಹೂಬಳ್ಳಿ. ಐದನೆಯ ಜಾರ್ಜನ ನಾಣ್ಯಗಳು 1911ರಿಂದ ಮೊದಲಾಗುತ್ತವೆ. ಆ ಮೊದಲ ವರ್ಷದ ಅಚ್ಚಿನಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಯೆಂದು ಜನರಲ್ಲಿ ಅಸಮಾಧಾನ ಹುಟ್ಟಿ, ಸರಕಾರ ಅಚ್ಚನ್ನೇ ತಿದ್ದಬೇಕಾಯಿತು. ಹಂದಿ ರೂಪಾಯಿ ಎಂದು ಹೆಸರಾದ 1911ರ ನಾಣ್ಯಕ್ಕೆ ಇದರಿಂದಾಗಿ ಬೆಲೆ ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ 1917ರಲ್ಲಿ ಒಂದು ರೂಪಾಯಿಯ ನೋಟು ಹುಟ್ಟಿತು. 1918ರಲ್ಲಿ ಅಮೆರಿಕದಿಂದ ಬೆಳ್ಳಿ ತರಿಸಬೇಕಾಯಿತು. ಅದೇ ಕಾಲದಲ್ಲಿ ಎರಡಾಣೆ, ಆ ಬಳಿಕ ಎಂಟಾಣೆ, ನಾಲ್ಕಾಣೆಗಳು ತಾಮ್ರ ನಿಕಲ್ ಮಿಶ್ರಣದಲ್ಲಿ ಬಂದವು. ಆದ್ದರಿಂದ 1919ರ ಎಂಟಾಣೆಯನ್ನು ಬೆಳ್ಳಿಯೆಂದು ಕೊಂಡು ಮೋಸಹೋಗಬಾರದು.

ಇಷ್ಟರಲ್ಲಿ ಮೊದಲ ಬಾರಿಗೆ ಕೊಳ್ಳುವವರಿಗೆ ನಾವು ಸೂಚಿಸುವುದು ಎಡ್ವರ್ಡನ ರೂಪಾಯಿಯನ್ನು, ಇಲ್ಲವೇ ಐದನೆಯ ಜಾರ್ಜನ 1912ರಿಂದ 1920ರವರೆಗಿನ ರೂಪಾಯಿಯನ್ನು. ಇವು ವಿಪುಲವಾಗಿ ದೊರೆಯುವುದರಿಂದ ಬೆಲೆ ಬೆಳ್ಳಿಯ ದರದ ಹತ್ತಿರವೇ ಇರುತ್ತದೆ. ಅಷ್ಟೂ ಹಣವಿಲ್ಲದಿದ್ದರೆ ಅರ್ಧ ರೂಪಾಯಿ, ಪಾವಲಿಗಳಿವೆ. ಸವೆದು ಮುಖ ಅಳಿಸಿದ ದೊಡ್ಡ ನಾಣ್ಯಕ್ಕಿಂತ ರಾಜನ ಗಡ್ಡದ ಎಳೆ, ಹೂವಿನ ಎಸಳು ಸ್ಪಷ್ಟವಾಗಿರುವ ಸಣ್ಣ ಪಾವಲಿ ಎಷ್ಟೋ ಮೇಲು.

ಉಡುಪಿಗೆ ಸಲ್ಲುವ ಇಸವಿ

ಒಂದೇ ನಾಣ್ಯ ಕೊಳ್ಳುವುದಾದರೆ ಅದು ನಮ್ಮ ಊರಿನ ಕತೆಯನ್ನೂ ಹೇಳುವಂತಿದ್ದರೆ ಚೆನ್ನ. ಉಡುಪಿಯವರಿಗೆ ಅಂಥ ಇಸವಿ 1906. ಆ ವರ್ಷದ ಮಾರ್ಚ್ 12ರಂದು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳುತನದಲ್ಲಿ ಇಲ್ಲಿ ಹುಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಮುಗಿದಾಗ ಕೈಸೇರಿದ್ದು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕವನ್ನು 1957ರಲ್ಲಿ ನಯಾಪೈಸೆ ಬಂದ ಮೇಲೆ ಹುಟ್ಟಿದವರು ಕೇಳಿಯೇ ತಿಳಿಯಬೇಕು. ಆ ಮೂವತ್ತೆಂಟು ರೂಪಾಯಿ ನಾಣ್ಯವಾಗಿಯೇ ಬಂದಿದ್ದರೆ ಅದು ಮೂವತ್ತೆಂಟು ತೊಲ, ಅಂದರೆ ಅರ್ಧ ಕಿಲೋಗ್ರಾಮಿಗೂ ಕಡಮೆಯ ಬೆಳ್ಳಿ. ಅಷ್ಟರಿಂದ ದೇಶವ್ಯಾಪಿಯಾದ ಸಂಸ್ಥೆಯೊಂದು ಬೆಳೆಯಿತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿ ಬ್ಯಾಂಕು ರೂಪಿಸಿದ ನಾಣ್ಯ ಸಂಗ್ರಹಾಲಯವು ಪ್ರಾಚೀನ ಕಾಲದಿಂದ ಈಚಿನವರೆಗಿನ ನಾಣ್ಯಗಳನ್ನು ಕ್ರಮವಾಗಿ ಜೋಡಿಸಿಟ್ಟ ಅಪರೂಪದ ಸ್ಥಳ. ಅಸಲಿ ನಾಣ್ಯ ಹೇಗಿರುತ್ತದೆಂದು ಕಣ್ಣನ್ನು ಪಳಗಿಸಿಕೊಳ್ಳಲು ಇಂಥ ಸಂಗ್ರಹಾಲಯಗಳ ದರ್ಶನಕ್ಕಿಂತ ಉತ್ತಮವಾದ ಪಾಠವಿಲ್ಲ.

ಇದೇ ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದ ಯೋಜನೆಯದು. ಹಳೆಯ ನಾಣ್ಯ ಕೊಳ್ಳಬಯಸುವ ಸಂಸಾರಸ್ಥರಿಗೂ ಇದೇ ದಾರಿ ಸರಿ. ಸಾಲ ಮಾಡಿ ಕೊಳ್ಳುವ ವಸ್ತು ಇದಲ್ಲ. ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟು ವರ್ಷಕ್ಕೊಂದು ಕೊಂಡರೂ ಹತ್ತು ವರ್ಷಕ್ಕೆ ಹತ್ತು ಒಳ್ಳೆಯ ನಾಣ್ಯಗಳಾಗುತ್ತವೆ.

ಪರೀಕ್ಷೆಯ ಕ್ರಮ

ಮೊದಲನೆಯದು ತೂಕ. ಗ್ರಾಮಿನ ನೂರರಲ್ಲೊಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಬೇಕು. ಬಳಕೆಯಿಂದ ಸವೆದ ರೂಪಾಯಿ 11.66ಕ್ಕಿಂತ ಒಂದಿಷ್ಟು ಕಡಮೆ ತೂಗುವುದು ಸಹಜ. ಹನ್ನೊಂದಕ್ಕಿಂತ ಕೆಳಗಿಳಿದರೆ, ಅಥವಾ ಕೊಂಡಿಯ ಬೆಸುಗೆಯಿಲ್ಲದೆಯೂ ಹೆಚ್ಚು ತೂಗಿದರೆ ಬಿಟ್ಟುಬಿಡಬೇಕು.

ಎರಡನೆಯದು ಅಯಸ್ಕಾಂತ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅಲ್ಲಿಗೆ ಮಾತು ಮುಗಿಯಿತು. ಅಂಟಲಿಲ್ಲವೆಂದ ಮಾತ್ರಕ್ಕೆ ಬೆಳ್ಳಿಯೇ ಎಂದು ತಿಳಿಯಬಾರದು; ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಇವೂ ಅಂಟುವುದಿಲ್ಲ.

ಮೂರನೆಯದು ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯವು ಸರಿಸಿದ ನೀರಿನ ತೂಕ. 1939ರವರೆಗಿನ ಪೂರ್ಣ ತೂಕದ ರೂಪಾಯಿಗೆ ಅದು ಸುಮಾರು 1.13 ಗ್ರಾಮ್, ಅರ್ಧ ಬೆಳ್ಳಿಯ ರೂಪಾಯಿಗೆ ಸುಮಾರು 1.22; ಬೆಳ್ಳಿಯಿಲ್ಲದ ತಾಮ್ರ ನಿಕಲ್ ತುಂಡಿಗೆ 1.3ರ ಮೇಲೆ. ನಾಣ್ಯಕ್ಕೆ ಗೀರು ಬೀಳದ, ಖರ್ಚಿಲ್ಲದ ಈ ಪರೀಕ್ಷೆಯನ್ನು ಹತ್ತನೆಯ ತರಗತಿಯ ಹುಡುಗನೂ ಮಾಡಬಲ್ಲ. ಒರೆಗಲ್ಲಿಗೆ ಉಜ್ಜಿಸುವುದು, ಅಂಚನ್ನು ಅರದಿಂದ ಉಜ್ಜಿಸುವುದು ಬೇಡ. ಅದರಿಂದ ನಾಣ್ಯಕ್ಕೆ ಗಾಯವಾಗುತ್ತದೆ.

ನಾಲ್ಕನೆಯದು ಕಣ್ಣಿನ ಪರೀಕ್ಷೆ. ಭೂತಗನ್ನಡಿಯಲ್ಲಿ ಅಕ್ಷರಗಳ ಅಂಚನ್ನು ನೋಡಬೇಕು. ಟಂಕಸಾಲೆಯ ಅಚ್ಚಿನಲ್ಲಿ ಅಕ್ಷರ ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಮೊಂಡಾಗಿ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಅಂಚಿನ ಸಣ್ಣ ಗೆರೆಗಳು ಸುತ್ತಲೂ ಒಂದೇ ಸಮನಾಗಿರಬೇಕು. ನಡುವೆ ಜೋಡಿಸಿದ ಗುರುತು ಕಂಡರೆ ಅನುಮಾನಿಸಬೇಕು. 1940ರ ದಶಕದ ಅರ್ಧ ಬೆಳ್ಳಿಯ ರೂಪಾಯಿಗಳ ಅಂಚಿನ ನಡುವೆ ಚಿತ್ತಾರದ ಸಾಲೊಂದು ಇರುತ್ತದೆ. ಹಿಂದಿನವುಗಳಲ್ಲಿ ಬರಿಯ ಗೆರೆಗಳು. ಇಸವಿಯ ಅಂಕಿಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ನಿಜವಾಗಿ ಬಲು ವಿರಳವಾದ 1939ರ ರೂಪಾಯಿಯ ಹೆಸರಿನಲ್ಲಿ, ಬೇರೆ ಇಸವಿಯ ಕೊನೆಯ ಅಂಕಿಯನ್ನು ತಿದ್ದಿದ ನಾಣ್ಯಗಳೂ ಪೂರ್ತಿ ನಕಲಿಗಳೂ ಬಹಳವಾಗಿ ಮಾರಾಟಕ್ಕೆ ಬರುತ್ತವೆ.

ದೂರವಿಡಬೇಕಾದವು

ರಾಮ ಸೀತೆ, ಹನುಮಂತ ಮೊದಲಾದ ದೇವರ ಚಿತ್ರದೊಂದಿಗೆ 1818, 1616 ಮುಂತಾದ ಇಸವಿ ಹಾಗೂ ಈಸ್ಟ್ ಇಂಡಿಯಾ ಕಂಪನಿಯ ಹೆಸರಿರುವ ಬಿಲ್ಲೆಗಳು ಜಾತ್ರೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕಂಪನಿ ಅಂಥ ನಾಣ್ಯಗಳನ್ನು ಹೊರಡಿಸಲೇ ಇಲ್ಲ. ಅಕ್ಕಿಯನ್ನು ಎಳೆಯುತ್ತದೆ, ಮಿಂಚನ್ನು ಸೆಳೆಯುತ್ತದೆ ಎಂಬ ಮಾತುಗಳೊಂದಿಗೆ ಅವುಗಳಿಗೆ ಸಾವಿರಾರು ರೂಪಾಯಿ ಕೇಳುವುದು ಶುದ್ಧ ವಂಚನೆ. ಮೌಢ್ಯವನ್ನು ತೊರೆಯಲು ಕಲಿಸಿದ ಶರಣರ ಪರಂಪರೆಯವರು ನಾವು. ಇಂಥದಕ್ಕೆ ಮರುಳಾಗುವುದು ಹಣಕ್ಕೂ ನಷ್ಟ, ಮಾನಕ್ಕೂ ನಷ್ಟ.

ಚಿನ್ನ ಬೆಳ್ಳಿ ಅಂಗಡಿಗಳಲ್ಲಿ ಸಿಗುವ ಲಕ್ಷ್ಮಿಯ ಚಿತ್ರದ ಬೆಳ್ಳಿ ಬಿಲ್ಲೆ ಮೋಸವಲ್ಲ. ಆದರೆ ಅದು ಸರಕಾರದ ನಾಣ್ಯವೂ ಅಲ್ಲ, ಹಳೆಯದೂ ಅಲ್ಲ. ಉಡುಗೊರೆಗೆ ಆಗಬಹುದು, ಸಂಗ್ರಹಕ್ಕಲ್ಲ.

"ಗದ್ದೆ ಅಗೆಯುವಾಗ ಸಿಕ್ಕಿತು" ಎಂದು ಗುಟ್ಟಾಗಿ ತೋರಿಸುವ ನಾಣ್ಯದ ಹತ್ತಿರ ಸುಳಿಯಬಾರದು. ಬಹುಪಾಲು ಅದು ಸುಳ್ಳು. ನಿಜವಾಗಿದ್ದರೆ ಇನ್ನೂ ಅಪಾಯ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅಂಥವನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಗಳಿಗೆ, ಅಳಿಯನಿಗೆ ಅಜ್ಜಿಯ ವಿಕ್ಟೋರಿಯಾ ರೂಪಾಯಿಯನ್ನು ಕಳುಹಿಸುವ ಮುನ್ನ ಇದನ್ನು ನೆನಪಿಡಬೇಕು.

ಇನ್ನೊಂದು ಎಚ್ಚರಿಕೆ. ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ದೂರವಾಣಿ ಮಾಡುವವರಿದ್ದಾರೆ. ತಾನು ಅಂಥ ವ್ಯವಹಾರ ನಡೆಸುವುದಿಲ್ಲ, ಅದಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ಸಾರ್ವಜನಿಕರಿಗೆ ತಿಳಿಸಿದೆ. ಕೊಳ್ಳುವುದಿರಲಿ, ಮಾರುವುದಿರಲಿ, ಅಂಗಡಿಯಿರುವ, ಬಿಲ್ಲು ಕೊಡುವ, ತಪ್ಪಾದರೆ ನಾಳೆಯೂ ಅಲ್ಲಿಯೇ ಸಿಗುವ ವ್ಯಾಪಾರಿಯ ಬಳಿಗೇ ಹೋಗಬೇಕು.

ಸ್ವಾತಂತ್ರ್ಯದ ಅನಂತರದ ಬೆಳ್ಳಿ

ಪರರಾಜರ ತಲೆಯೇ ಏಕೆ ಎನ್ನುವವರಿಗೂ ದಾರಿಯಿದೆ. ಗಾಂಧೀಜಿಯ ಜನ್ಮಶತಾಬ್ದಿಯ ನಿಮಿತ್ತ 1969ರಲ್ಲಿ ಭಾರತ ಸರಕಾರ ಹೊರಡಿಸಿದ 10 ರೂಪಾಯಿಯ ನಾಣ್ಯ 15 ಗ್ರಾಮ್ ತೂಕದ್ದು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ನಮ್ಮ ಸಮಾಜದವರಿಗೆ ಇನ್ನೂ ಆಪ್ತವಾದದ್ದು 2006ರ ಬಸವೇಶ್ವರ ಸ್ಮಾರಕ ನಾಣ್ಯ. ಅದರ 100 ರೂಪಾಯಿಯ ನಾಣ್ಯ 35 ಗ್ರಾಮ್ ತೂಕದ್ದು, ಅರ್ಧ ಬೆಳ್ಳಿಯದು. ಜೊತೆಗೇ ಬಂದ 5 ರೂಪಾಯಿಯ ನಾಣ್ಯದಲ್ಲಿ ಬೆಳ್ಳಿಯಿಲ್ಲ. ಆದರೆ ಚಲಾವಣೆಗೆ ಬಂದಿದ್ದರಿಂದ ನಾಣ್ಯದ ಡಬ್ಬಿಯನ್ನು ಹುಡುಕಿದರೆ ಇಂದಿಗೂ ಸಿಗಬಹುದು. ಬಿಜ್ಜಳನ ಭಂಡಾರದ ಲೆಕ್ಕವನ್ನು ಕಳಂಕವಿಲ್ಲದೆ ನಡೆಸಿದ ಬಸವಣ್ಣನವರ ಮುದ್ರೆ ನಾಣ್ಯದ ಮೇಲೆ ಬಂದದ್ದು ಯೋಗ್ಯವೇ ಆಯಿತು. ಮಕ್ಕಳ ಸಂಗ್ರಹಕ್ಕೆ ಅದಕ್ಕಿಂತ ಒಳ್ಳೆಯ ಮೊದಲ ನಾಣ್ಯ ಬೇರೆ ಬೇಕಿಲ್ಲ, ಅದಕ್ಕೆ ಐದೇ ರೂಪಾಯಿ ಸಾಕಾಗಲೂಬಹುದು.

ಕೊಂಡ ಮೇಲೆ

ಮನೆಗೆ ತಂದ ನಾಣ್ಯವನ್ನು ಹುಣಸೆಹಣ್ಣು, ಬೂದಿ, ಹಲ್ಲುಪುಡಿಯಿಂದ ತಿಕ್ಕಿ ಬೆಳಗಬಾರದು. ದೇವರ ಮನೆಯ ಪಾತ್ರೆಗೆ ಹೊಳಪು ಶೋಭೆ. ಹಳೆಯ ನಾಣ್ಯಕ್ಕೆ ಅದರ ಮಾಸಲು ಬಣ್ಣವೇ ಶೋಭೆ. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಕಡಮೆ ಬೆಲೆ ಕಟ್ಟುತ್ತಾರೆ. ಕೊಳ್ಳುವಾಗಲೂ ಕನ್ನಡಿಯಂತೆ ಹೊಳೆಯುವ ನೂರು ವರ್ಷದ ನಾಣ್ಯವನ್ನು ಕಂಡರೆ ಅದು ನಕಲಿಯೋ, ತಿಕ್ಕಿದ್ದೋ ಎಂದು ವಿಚಾರಿಸಬೇಕು.

ಅಂಬಲಪಾಡಿಯಂಥ ಊರುಗಳಲ್ಲಿ ಕಡಲು ಹತ್ತಿರ. ಮಳೆಗಾಲದ ತೇವವೂ ಉಪ್ಪುಗಾಳಿಯೂ ಲೋಹಕ್ಕೆ ಹಿತವಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಬೆವರಿನ ಬೆರಳು ಮುಖಕ್ಕೆ ತಾಗದಂತೆ, ಒಣಗಿದ ಕಾಗದದ ಚಿಕ್ಕ ಲಕೋಟೆಯಲ್ಲಿಡಬೇಕು. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಹಾಳೆ ಕಾಲಕ್ರಮದಲ್ಲಿ ಜಿಡ್ಡುಬಿಟ್ಟು ನಾಣ್ಯವನ್ನು ಕೆಡಿಸುತ್ತದೆ. ರಬ್ಬರ್ ಪಟ್ಟಿಯಿಂದ ಬೆಳ್ಳಿ ಕಪ್ಪಾಗುತ್ತದೆ. ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣವೊಂದನ್ನು ಪೆಟ್ಟಿಗೆಯಲ್ಲಿಟ್ಟು ಆಗಾಗ ಬದಲಿಸಿದರೆ ಸಾಕು.

ಅಜ್ಜಿಯ ಆಯ್ಕೆ

ಅಂಬಲಪಾಡಿಯ ಹುಡುಗನ ಕತೆಯನ್ನು ಮುಗಿಸದೆ ಬಿಡಲಾಗದು. ಒಂದು ಭಾನುವಾರ ಅವನೂ ಅವನ ತಂದೆಯೂ ಅಜ್ಜಿಯನ್ನು ಕರೆದುಕೊಂಡು, ನಮ್ಮನ್ನೂ ಕೂಡಿಕೊಂಡು, ಬಿಲ್ಲು ಕೊಡುವ ವ್ಯಾಪಾರಿಯೊಬ್ಬರ ಬಳಿಗೆ ಹೋದರು. ಅವರು ಎರಡು ರೂಪಾಯಿಗಳನ್ನು ಮುಂದಿಟ್ಟರು. ಒಂದು 1906ರ ಎಡ್ವರ್ಡನದು, ಮುಖ ಹಿಂಬದಿ ಎರಡೂ ಸ್ಪಷ್ಟ. ಇನ್ನೊಂದು ಐದನೆಯ ಜಾರ್ಜನ 1918ರದು. ತೂಕ, ನೀರಿನ ಪರೀಕ್ಷೆ ಎರಡರಲ್ಲಿಯೂ ಸರಿ, ಆದರೆ ಅಂಚಿನಲ್ಲಿ ಹಿಂದೆ ಕೊಂಡಿ ಹಾಕಿ ತೆಗೆದ ಬೆಸುಗೆಯ ಗುರುತು. ಬೆಸುಗೆಯ ನಾಣ್ಯ ಸಂಗ್ರಹಕ್ಕೆ ಊನ, ಅದಕ್ಕೆ ಬರಿಯ ಬೆಳ್ಳಿಯ ಬೆಲೆ ಮಾತ್ರ ಎಂದು ನಾವು ಹುಡುಗನಿಗೆ ಮೊದಲೇ ಹೇಳಿಕೊಟ್ಟಿದ್ದೆವು. ಅವನು 1906ರದ್ದನ್ನೇ ಎತ್ತಿಕೊಂಡ.

ಅಜ್ಜಿ ಮಾತ್ರ ಇನ್ನೊಂದನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಬೆಸುಗೆಯ ಮೇಲೆ ಬೆರಳು ನಿಂತಿತು. "ಇದು ಯಾರೋ ಹೆಣ್ಮಗಳ ಕೊಳ್ಳಾಗ ಇದ್ದದ್ದು ನೋಡಪಾ. ನನಗ ಇದ ಇರಲಿ" ಎಂದರು.

ಕಲಿಸಲು ಹೋದ ನಾವು ಅಲ್ಲಿ ಕಲಿತು ಬಂದೆವು. ನಾಣ್ಯವನ್ನು ಸಂಗ್ರಹಕ್ಕೆ ಕೊಳ್ಳುತ್ತೇವೆಯೋ, ಮನೆಯ ನೆನಪಿಗೆ ಕೊಳ್ಳುತ್ತೇವೆಯೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಸಂಗ್ರಹಕ್ಕಾದರೆ ಊನವಿಲ್ಲದ್ದೇ ಬೇಕು. ನೆನಪಿಗಾದರೆ ಊನವೂ ನಡೆದೀತು. ಆದರೆ ಅದಕ್ಕೆ ಊನದ ಬೆಲೆಯನ್ನಷ್ಟೇ ಕೊಡಬೇಕು. ಆ ವ್ಯಾಪಾರಿ ಪ್ರಾಮಾಣಿಕರು. ಬೆಳ್ಳಿಯ ಬೆಲೆಯಷ್ಟನ್ನೇ ತೆಗೆದುಕೊಂಡರು. ಉಳಿದ ಹಣದಲ್ಲಿ ಹುಡುಗನು ತನಗಾಗಿ 1906ರ ಒಂದು ಪಾವಲಿಯನ್ನು ಕೊಂಡ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿಯಿದೆ. ಹೊಸದಾಗಿ ಕೊಳ್ಳುವ ಮುನ್ನ ಮನೆಯ ಹಳೆಯ ಪೆಟ್ಟಿಗೆಯನ್ನು ಒಮ್ಮೆ ನೋಡಿರಿ. ಕರಡಿಗೆ ಮಾಡಿಸಬೇಕಾದರೆ ಅಂಗಡಿಯಲ್ಲಿ ಹೊಸ ಬೆಳ್ಳಿ ಸಿಗುತ್ತದೆ. ಅಜ್ಜಿಯ ರೂಪಾಯಿಯನ್ನು ಮೂಸೆಗೆ ಹಾಕಿದರೆ ಅದು ಮತ್ತೆ ಸಿಗುವುದಿಲ್ಲ. ಇರುವ ಒಂದೊಂದು ನಾಣ್ಯದ ಲಕೋಟೆಯ ಮೇಲೂ ಅದು ಯಾರದು, ಯಾರು ಕೊಟ್ಟದ್ದು, ಯಾವ ಸಂದರ್ಭದ್ದು ಎಂದು ಹಿರಿಯರನ್ನು ಕೇಳಿ ಎರಡು ಸಾಲು ಬರೆದಿಡಿರಿ. ಇಸವಿಯನ್ನು ನಾಣ್ಯವೇ ಹೇಳುತ್ತದೆ. ಉಳಿದದ್ದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರಿರುವಾಗಲೇ ಕೇಳಿ ತಿಳಿಯುವುದು ಒಳಿತು.